ಕಾಯಂ

ಇಲ್ಲಿ ದಿಕ್ಕು ಕೂಡ ಸುಳ್ಳು ಹೇಳುತ್ತದೆ.
ಭೂಪಟ ಬಿಡಿಸಿ ನೋಡಿ:
ಅಮೆರಿಕ ಮೇಲೆ, ಕೆನಡಾ ಕೆಳಗೆ,
ನಡುವೆ ಡೆಟ್ರಾಯಿಟ್ ನದಿ.
ಅದಿರು ಹೊತ್ತು ಹೋಗುವ ಉದ್ದನೆ ಹಡಗುಗಳಿಗೆ
ಯಾವ ದಡದ ಹಂಗೂ ಇಲ್ಲ.

ಸಂಜೆ ಆರಕ್ಕೆ ವಿಂಡ್ಸರಿನಲ್ಲಿ
ಶಮಿರಾನ್ ಬಸ್ಸು ಹತ್ತುತ್ತಾಳೆ.
ಪರ್ಸಿನ ಒಂದು ಕಿಸೆಯಲ್ಲಿ ಒಂದು ಕಾರ್ಡು,
ಇನ್ನೊಂದರಲ್ಲಿ ಇನ್ನೊಂದು.
ಎರಡರಲ್ಲೂ ಅವಳದೇ ಮುಖ,
ಎರಡು ಕಡೆಯೂ ನಗಬೇಡಿ ಎಂದಿದ್ದರು.
ಎರಡು ಕಡೆಯೂ ಅವಳು ಕಾಯಂ.

ಎರಡು ದೋಣಿಯ ಮೇಲೆ ಕಾಲಿಟ್ಟವಳು
ಎನ್ನುತ್ತಾರೆ ನಂಟರು,
ಇಗರ್ಜಿಯ ಮೆಟ್ಟಿಲ ಮೇಲೆ ಚಹಾ ಹೀರುತ್ತ.
ದೋಣಿ ಎಲ್ಲಿ ಬಂತು?
ಅವಳು ಹೋಗುವುದು ಸುರಂಗದಲ್ಲಿ, ನದಿಯ ಅಡಿಗೆ.
ದೋಣಿಗಳೆಲ್ಲ ಅವಳ ನೆತ್ತಿಯ ಮೇಲೆ.

ಆಸೆಪಟ್ಟು ಗಳಿಸಿದ್ದಲ್ಲ ಇದು.
ಅವಳು ತೆಲ್ ಕೈಫ್ ಬಿಟ್ಟ ವರ್ಷ
ಅಣ್ಣ ಬೆಹ್ನಾಮ್, ಸೆವೆನ್ ಮೈಲ್ ರಸ್ತೆಯ ಅಂಗಡಿಯಲ್ಲಿ
ಗಲ್ಲಾಪೆಟ್ಟಿಗೆಯ ಮೇಲೆ ಕಾಗದವಿಟ್ಟು
ತಂಗಿಗಾಗಿ ಅರ್ಜಿ ಬರೆದ.
ಹದಿನಾಲ್ಕು ವರ್ಷ ಸದ್ದಿಲ್ಲ.
ಅಷ್ಟರಲ್ಲಿ ಅಮ್ಮಾನಿನ ಬಾಡಿಗೆ ಕೋಣೆ, ಮದುವೆ,
ಯಾವುದೋ ಇಗರ್ಜಿಯವರ ದಯೆಯಿಂದ ವಿಂಡ್ಸರ್,
ಗಂಡನಿಗೆ ಟೊಮೆಟೊ ಬೆಳೆಯುವ ಗಾಜಿನ ಮನೆಯಲ್ಲಿ ಕೆಲಸ,
ಮಗಳಿಗೆ ಶಾಲೆ, ಹಲ್ಲಿಗೆ ತಂತಿ.
ಆಮೇಲೆ ಬಂತು ಆಚೆ ದಡದ ಉತ್ತರ,
ಉಂಡೆದ್ದ ಮೇಲೆ ಹಾಕಿದ ಎಲೆಯ ಹಾಗೆ.
ಮಡಚಿ ಏಳಲು ಮನಸ್ಸು ಬರಲಿಲ್ಲ.
ಬಡಿಸಿದವನು ಅಣ್ಣ.

ಒಂದು ದೇಶ ಕೇಳುತ್ತದೆ: ಐದು ವರ್ಷದಲ್ಲಿ ಎಷ್ಟು ದಿನ ಇದ್ದೆ?
ಇನ್ನೊಂದು ಕೇಳುತ್ತದೆ: ನಿನ್ನ ಮನಸ್ಸು ಎಲ್ಲಿದೆ?

ಮೊದಲನೆಯದಕ್ಕೆ ಲೆಕ್ಕ ಸಾಕು.
ಮಗಳ ಚೌಕುಳಿ ನೋಟುಬುಕ್ಕು,
ಎಡಪುಟ ಈ ದೇಶ, ಬಲಪುಟ ಆ ದೇಶ,
ನಡುವಿನ ಹೊಲಿಗೆಯೇ ನದಿ.
ಹಗಲು ಇಲ್ಲಿ ಜಡೆ ಹೆಣೆದು
ಇರುಳು ಅಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸಿ
ಒಂದೇ ಮಂಗಳವಾರವನ್ನು ಎರಡು ಕಡೆ ಜಮೆ ಹಾಕುತ್ತಾಳೆ.
ವರ್ಷಕ್ಕೆ ಆರುನೂರು ದಿನ ಬಾಳುವವಳು.
ನಿದ್ದೆ ಮಾತ್ರ ಯಾವ ಪುಟದಲ್ಲೂ ಸಿಕ್ಕುವುದಿಲ್ಲ.

ಎರಡನೆಯದಕ್ಕೆ ಪುರಾವೆ ಬೇಕಂತೆ.
ತೆರಿಗೆಯ ರಸೀದಿ, ಬ್ಯಾಂಕಿನ ಪಾಸುಬುಕ್ಕು,
ಅಣ್ಣನ ಮನೆಯ ಟಪ್ಪಾಲು ಡಬ್ಬಿಯ ಮೇಲೆ
ಅವಳ ಹೆಸರು, ಮಾರ್ಕರಿನಲ್ಲಿ, ಸ್ವಲ್ಪ ಸೊಟ್ಟ.

ಕಾಯಂ.
ನಮ್ಮ ಮಾತಿಗೆ ಈ ಪದ ಬಂದದ್ದು ಅವಳ ಸೀಮೆಯ ಕಡೆಯಿಂದಲೇ,
ಕಂದಾಯದ ಕಾಗದಗಳ ಬೆನ್ನೇರಿ.
ಅರಬಿಯಲ್ಲಿ ಅದಕ್ಕೆ ನಿಂತಿರುವುದು ಎಂದರ್ಥ,
ಸುಮ್ಮನೆ, ತನ್ನ ಕಾಲ ಮೇಲೆ ತಾನು.
ಗಡಿಯಂಚಿನ ಒಂದು ಊರಿಗೂ ಅಲ್ಲಿ ಅದೇ ಹೆಸರು.
ಸೀಟು ಸಿಗದ ಸಂಜೆಗಳಲ್ಲಿ
ಶಮಿರಾನ್ ಕಂಬಿ ಹಿಡಿದು
ನಿಜಕ್ಕೂ ಕಾಯಂ ಆಗುತ್ತಾಳೆ,
ಬಸ್ಸು ಓಡುತ್ತಿರುತ್ತದೆ.

ಶುಕ್ರವಾರಗಳಂದು ಅಣ್ಣನಿಗೆ ಕಲೀಚಾ,
ಖರ್ಜೂರ ಸವರಿ ಸುರುಳಿ ಸುತ್ತಿ ಕೊಯ್ದದ್ದು.
ಡಬ್ಬಿಯಲ್ಲಿ ಏನಿದೆ, ಎಷ್ಟಿದೆ?
ಸುಂಕದ ಕಟ್ಟೆಯಲ್ಲಿ ಪ್ರತಿ ವಾರದ ಪ್ರಶ್ನೆ.
ಹನ್ನೆರಡು. ಪ್ರತಿ ವಾರದ ಉತ್ತರ.

ಫೆಬ್ರವರಿಯ ಒಂದು ಶುಕ್ರವಾರ
ಸುರಂಗದ ನಟ್ಟನಡುವೆ,
ಗೋಡೆಯ ಮೇಲೆ ಎರಡು ಬಾವುಟ ಬೆನ್ನು ತಾಗಿಸಿ ನಿಂತ ಕಡೆ,
ಬಸ್ಸು ಕೆಮ್ಮಿ ನಿಂತಿತು.
ಡ್ರೈವರು ಆ ದೇಶದಲ್ಲಿ,
ಹಿಂದಿನ ಸೀಟಿನ ಹುಡುಗರು ಈ ದೇಶದಲ್ಲಿ,
ಶಮಿರಾನಳ ಮೊಣಕಾಲ ಮೇಲೆ ಹಾದು ಹೋಗಿತ್ತು ಗೆರೆ.
ಫೋನುಗಳು ಸತ್ತವು.
ಯಾರೂ ಅವಳನ್ನು ಏನೂ ಕೇಳಲಿಲ್ಲ.
ಮೇಲೆ ನದಿ ತನ್ನ ಮಂಜುಗಡ್ಡೆ ತಳ್ಳುತ್ತಿದ್ದಿರಬೇಕು.

ಪಕ್ಕದ ಮುದುಕಿ, ಇದು ಯಾವುದರ ವಾಸನೆ ಅಂದಳು.
ಶಮಿರಾನ್ ಡಬ್ಬಿ ತೆಗೆದಳು.
ಮುದುಕಿಗೊಂದು, ಹುಡುಗನಿಗೊಂದು,
ಮೂರನೆಯದನ್ನು ತಾನೇ ತಿಂದಳು,
ನಿಧಾನ, ಅಂಗೈಯಲ್ಲಿ ಪುಡಿ ಹಿಡಿದು.

ಇಪ್ಪತ್ತು ನಿಮಿಷದ ಮೇಲೆ ಬೆಳಕು, ಚಳಿ, ಸಾಲು.
ಡಬ್ಬಿಯಲ್ಲಿ ಏನಿದೆ?
ಕಲೀಚಾ.
ಎಷ್ಟು?
ಹನ್ನೆರಡು, ಎಂದುಬಿಟ್ಟಳು ರೂಢಿಯಂತೆ.
ಅಧಿಕಾರಿ ಕೈಬೀಸಿ ಕಳಿಸಿದ.
ಒಳಗೆ ಇದ್ದದ್ದು ಒಂಬತ್ತು.